ರೆಫರಲ್ ಕೇಳುವುದು ಭಿಕ್ಷೆಯಲ್ಲ, ಅದು ಮುಯ್ಯಿ

ಬಿ.ಇ., ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬರುವ ನಮ್ಮ ಹಳ್ಳಿಗಳ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಕೆಲಸ ಹುಡುಕುವ ರೀತಿ ಒಂದೇ. ಕೆ.ಆರ್.ಪುರದಲ್ಲೋ ಮಾರತಹಳ್ಳಿಯಲ್ಲೋ ಒಂದು ಪಿಜಿ ಹಿಡಿಯುತ್ತಾರೆ. ಬೆಳಿಗ್ಗೆ ಎದ್ದವರೇ ಫೋನಿನಲ್ಲಿ ನೌಕ್ರಿ, ಲಿಂಕ್ಡ್‌ಇನ್ ತೆರೆಯುತ್ತಾರೆ. ಕಂಡ ಕಂಡ ಹುದ್ದೆಗೆಲ್ಲ ‘ಅಪ್ಲೈ’ ಒತ್ತುತ್ತಾರೆ. ಸಂಜೆ ಊರಿಂದ ಫೋನ್ ಬಂದರೆ ‘ನೋಡ್ತಾ ಇದೀನಿ ಅಮ್ಮ, ಆಗುತ್ತೆ’ ಅನ್ನುತ್ತಾರೆ. ಮೂರು ತಿಂಗಳು ಕಳೆಯುತ್ತದೆ, ಆರು ತಿಂಗಳೂ ಕಳೆಯುತ್ತದೆ. ಇನ್ನೂರು ಅರ್ಜಿ ಹಾಕಿದರೆ ನಾಲ್ಕು ಕಡೆಯಿಂದಲೂ ಉತ್ತರ ಬರುವುದಿಲ್ಲ. ಕೊನೆಗೆ ‘ನನಗೇ ಬುದ್ಧಿ ಕಡಿಮೆ’ ಎಂದು ತೀರ್ಮಾನಿಸಿ ಬಸ್ ಹತ್ತಿ ಊರಿಗೆ ವಾಪಸ್ ಹೋಗುತ್ತಾರೆ.

ಅವರಲ್ಲಿ ಬಹಳ ಜನಕ್ಕೆ ಬುದ್ಧಿ ಕಡಿಮೆ ಇಲ್ಲ. ಅವರು ನಿಂತಿರುವ ಬಾಗಿಲು ಬೇರೆ, ಜನ ಒಳಗೆ ಹೋಗುತ್ತಿರುವ ಬಾಗಿಲು ಬೇರೆ. ಆ ಎರಡನೇ ಬಾಗಿಲಿಗೆ ಐಟಿ ಕಂಪನಿಗಳಲ್ಲಿ ‘ರೆಫರಲ್’ ಎನ್ನುತ್ತಾರೆ. ಒಳಗೆ ಕೆಲಸ ಮಾಡುತ್ತಿರುವವರು ‘ಇವರನ್ನು ಒಮ್ಮೆ ನೋಡಿ’ ಎಂದು ಹೊರಗಿನವರ ಹೆಸರು ಕೊಡುವುದು. ನಗರದ ಮಕ್ಕಳಿಗೆ ಇದು ಅಪ್ಪನ ಸ್ನೇಹಿತರಿಂದ, ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರಿಂದ ಕೇಳದೆಯೇ ಸಿಗುತ್ತದೆ. ನಮ್ಮ ಮಕ್ಕಳಿಗೆ ಕೇಳಿದರೂ ಸಿಗದು ಎಂಬ ಭಯ. ಕೇಳುವುದೇ ತಪ್ಪು ಎಂಬ ನಾಚಿಕೆ ಅದಕ್ಕಿಂತ ದೊಡ್ಡದು. ಈ ನಾಚಿಕೆ ಬಿಡಬೇಕು ಎಂದು ಹೇಳುವುದಕ್ಕೇ ಈ ಲೇಖನ.

ಈ ಕಡೆಯ ಬೆಂಗಳೂರಿನಲ್ಲಿ ಕೆಲಸ ಹೇಗೆ ಸಿಗುತ್ತಿತ್ತು

ಪರಿಚಯದಿಂದ ಕೆಲಸ ಸಿಗುವುದು ಐಟಿಯವರು ಕಂಡುಹಿಡಿದದ್ದೇನೂ ಅಲ್ಲ. ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಹಳೆ ವಾಹನಗಳ ಭಾಗ ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳನ್ನು ಕೇಳಿ ನೋಡಿ. ಅಲ್ಲಿ ಯಾರೂ ಅರ್ಜಿ ಹಾಕುವುದಿಲ್ಲ. ಒಬ್ಬ ಉಸ್ತಾದ್ ಇನ್ನೊಬ್ಬ ಉಸ್ತಾದ್‌ಗೆ ‘ಹುಡುಗನ ಕೈ ಚೆನ್ನಾಗಿದೆ’ ಎಂದರೆ ಮುಗಿಯಿತು. 1809ರಲ್ಲಿ ದಂಡು ಬಂದು ಕಂಟೋನ್ಮೆಂಟ್ ಹುಟ್ಟಿತು. ಅದರ ಸುತ್ತ ಹಲಸೂರು, ಶಿವಾಜಿನಗರಗಳಲ್ಲಿ ಬೆಳೆದ ಕೈಕಸುಬುಗಳೆಲ್ಲ ನಡೆದದ್ದು ಇಂಥ ಬಾಯಿಮಾತಿನ ಮೇಲೆಯೇ.

ಆಮೇಲೆ ಕಾರ್ಖಾನೆಗಳು ಬಂದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಕೆ.ಆರ್.ಪುರದ ಪಕ್ಕದ ದೂರವಾಣಿನಗರದಲ್ಲಿ ಐಟಿಐ, ಮುಂದೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್. 1959ರಲ್ಲಿ ಒಂದು ಕಾಯ್ದೆಯೂ ಬಂತು. ಸರ್ಕಾರಿ ಸಂಸ್ಥೆಗಳೂ 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ತಮ್ಮಲ್ಲಿನ ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು ಎಂದಿತು. ನಮ್ಮ ತಂದೆ ತಾಯಂದಿರ ಕಾಲದವರು ‘ಎಂಪ್ಲಾಯ್‌ಮೆಂಟ್ ಕಾರ್ಡ್ ಮಾಡಿಸು’ ಎನ್ನುತ್ತಿದ್ದದ್ದು ಇದಕ್ಕೇ. ಆದರೆ ಆ ಕಾಯ್ದೆ ಹುದ್ದೆ ಖಾಲಿ ಇದೆ ಎಂದು ತಿಳಿಸಿ ಎಂದಿತೇ ಹೊರತು, ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಿ ಎನ್ನಲಿಲ್ಲ. ಆದರೂ ಹಳ್ಳಿಯ ಹುಡುಗನಿಗೆ ಹುದ್ದೆಯ ಸುದ್ದಿ ತಲುಪಲು ಸರ್ಕಾರ ಇಟ್ಟಿದ್ದ ಒಂದು ದಾರಿ ಅದು.

1990ರ ದಶಕದಲ್ಲಿ ಸಿಂಗಪುರದವರ ಜೊತೆಗೂಡಿ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಕಟ್ಟಿದರು. 2002ರಲ್ಲಿ ಎನ್‌ಜಿಇಎಫ್ ಮುಚ್ಚಿತು. ಕೆಲಸ ಕಾರ್ಖಾನೆಯ ಗೇಟಿನಿಂದ ಟೆಕ್ ಪಾರ್ಕಿನ ಗೇಟಿಗೆ ಹೋಯಿತು. ಜೊತೆಗೆ ಕೆಲಸ ಹುಡುಕುವ ದಾರಿಯೂ ಬದಲಾಯಿತು. ಹೊರಗಿನವರಿಗೆ ವೆಬ್‌ಸೈಟ್, ಒಳಗಿನ ಪರಿಚಯ ಇದ್ದವರಿಗೆ ರೆಫರಲ್. ಅಂದರೆ ಗುಜರಿ ಬೀದಿಯ ಪದ್ಧತಿಯೇ ಹವಾನಿಯಂತ್ರಿತ ಕಟ್ಟಡಕ್ಕೆ ಹೋಗಿದೆ. ಉಸ್ತಾದ್ ಬದಲು ಟೀಮ್ ಲೀಡ್ ಇದ್ದಾನೆ, ಅಷ್ಟೇ.

ಹತ್ತಿರದವರಿಗಿಂತ ದೂರದವರೇ ಕೆಲಸಕ್ಕೆ ಬರುತ್ತಾರೆ

‘ನಮಗೆ ಯಾರೂ ಪರಿಚಯ ಇಲ್ಲ’ ಎನ್ನುವವರು ಒಂದು ಹಳೆಯ ಅಧ್ಯಯನದ ಬಗ್ಗೆ ತಿಳಿಯಬೇಕು. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಬೋಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನಲ್ಲಿ ತಾಂತ್ರಿಕ, ವೃತ್ತಿಪರ ಮತ್ತು ಮ್ಯಾನೇಜರ್ ಹುದ್ದೆಗಳವರಿಗೆ ಕೆಲಸ ಹೇಗೆ ಸಿಕ್ಕಿತು ಎಂದು ವಿಚಾರಿಸಿದರು. ಅರ್ಧಕ್ಕಿಂತ ಹೆಚ್ಚು ಜನ ‘ಪರಿಚಯದವರಿಂದ’ ಎಂದರು. ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಸಂದರ್ಶನ ಮಾಡಿದವರನ್ನು, ಆ ಪರಿಚಯದವರು ಎಷ್ಟು ಹತ್ತಿರದವರು ಎಂದೂ ಕೇಳಿದರು. ಆಗಾಗ ಭೇಟಿಯಾಗುವ ಆಪ್ತರಿಂದ ಕೆಲಸ ಸಿಕ್ಕವರು ಶೇಕಡ 17ರಷ್ಟು ಮಾತ್ರ. ಉಳಿದವರಿಗೆಲ್ಲ ನೆರವಾದವರು ಅಪರೂಪಕ್ಕೆ ಸಿಗುವ ಹಳೆ ಸಹಪಾಠಿಗಳು, ಹಿಂದಿನ ಕೆಲಸದ ಜೊತೆಗಾರರಂಥವರು. 1973ರಲ್ಲಿ ಬಂದ ಅವರ ಪ್ರಬಂಧ ಇದನ್ನೇ ‘ಬಲಹೀನ ನಂಟಿನ ಬಲ’ ಎಂದು ಕರೆಯಿತು. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮಾಹಿತಿ ಇಟ್ಟುಕೊಂಡು ನಡೆಸಿದ ಅಧ್ಯಯನವೂ ತೀರಾ ಆಪ್ತರಿಗಿಂತ ಸ್ವಲ್ಪ ದೂರದ ಪರಿಚಯವೇ ಹೊಸ ಕೆಲಸಕ್ಕೆ ಹೆಚ್ಚು ನೆರವಾಗುತ್ತದೆ ಎಂದು ಹೇಳಿತು.

ಕಾರಣ ಸುಲಭ. ನಿಮ್ಮ ರೂಮಿನ ಗೆಳೆಯನಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತು. ಅವನೂ ಅದೇ ಪಿಜಿಯಲ್ಲಿ ಕೂತು ಅದೇ ವೆಬ್‌ಸೈಟ್ ನೋಡುತ್ತಿದ್ದಾನೆ. ನಾಲ್ಕು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ಮುಖ ನೋಡಿದ್ದ ಸೀನಿಯರ್ ಬೇರೆ ಜಗತ್ತಿನಲ್ಲಿದ್ದಾರೆ. ಹೊಸ ಸುದ್ದಿ ಬರುವುದು ಅಲ್ಲಿಂದ.

ನಮ್ಮಲ್ಲೇ ಉದಾಹರಣೆ ಬೇಕಾದರೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಬರುವ ರೈಲು ನೋಡಿ. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಜನ ದಿನಾ ಈ ದಾರಿಯಲ್ಲಿ ವೈಟ್‌ಫೀಲ್ಡ್, ಕೆ.ಆರ್.ಪುರ, ಕಂಟೋನ್ಮೆಂಟ್‌ಗಳಲ್ಲಿ ಇಳಿದು ದುಡಿದು ರಾತ್ರಿ ಮನೆ ಸೇರುತ್ತಿದ್ದಾರೆ. ದಿನಾ ಅದೇ ಡಬ್ಬಿ, ಅವೇ ಮುಖ. ‘ನಮ್ಮ ಕಂಪನೀಲಿ ಒಬ್ಬರು ಬೇಕಂತೆ’ ಎಂಬ ಮಾತು ಅಂಥ ಕಡೆಯೇ ಹುಟ್ಟುತ್ತದೆ. ಅದಕ್ಕೆ ಯಾರೂ ನೆಟ್‌ವರ್ಕಿಂಗ್ ಎಂದು ಹೆಸರಿಡಲಿಲ್ಲ, ಅಷ್ಟೇ.

ಹಂಗಲ್ಲ, ಮುಯ್ಯಿ

‘ಯಾರ ಹಂಗೂ ಬೇಡ, ನನ್ನ ಯೋಗ್ಯತೆಯಿಂದಲೇ ಕೆಲಸ ತಗೋತೀನಿ.’ ಈ ಮಾತು ಕೇಳಲು ಚೆಂದ. ಆದರೆ ಇದನ್ನು ಹೇಳುವವರ ಮನೆಯವರೇ ನಾಟಿ ಕಾಲದಲ್ಲಿ ಮುಯ್ಯಾಳು ಕರೆಯುತ್ತಾರೆ. ಇವತ್ತು ನೀವು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ನಿಮ್ಮ ಗದ್ದೆಗೆ. ಮದುವೆ ಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆ ಮದುವೆಗೆ ತಿರುಗಿಸುತ್ತೇವೆ. ಅದನ್ನು ಯಾರೂ ಭಿಕ್ಷೆ ಎನ್ನುವುದಿಲ್ಲ, ಹಂಗು ಎನ್ನುವುದೂ ಇಲ್ಲ. ರೆಫರಲ್ ಕೂಡ ಅಂಥದ್ದೇ. ಇವತ್ತು ಒಬ್ಬ ಅಕ್ಕ ನಿಮ್ಮ ಹೆಸರು ಕೊಟ್ಟರೆ, ಎರಡು ವರ್ಷದ ನಂತರ ನೀವು ಇನ್ನೊಬ್ಬ ತಂಗಿಯ ಹೆಸರು ಕೊಡುತ್ತೀರಿ.

ಇನ್ನೂ ಒಂದು ವಿಷಯ. ಒಳ್ಳೆಯವರನ್ನು ಕರೆತಂದ ನೌಕರರಿಗೆ ಬಹಳ ಕಂಪನಿಗಳು ಬೋನಸ್ ಕೊಡುತ್ತವೆ. ಹೊಸಬರು ಸೇರಿ ಕೆಲವು ತಿಂಗಳು ಉಳಿದರೆ ಆ ಹಣ ಅವರ ಕೈಸೇರುತ್ತದೆ. ಹೀಗಾಗಿ ನೀವು ಕೇಳಿದಾಗ ಅವರಿಗೂ ಲಾಭದ ಮಾತನ್ನೇ ಆಡುತ್ತಿರುತ್ತೀರಿ.

ಹಾಗಾದರೆ ಇದು ಶಿಫಾರಸು ಪತ್ರವೇ? ಅಲ್ಲ. ಎಂಎಲ್‌ಎ ಪತ್ರ ತಂದವರಿಗೆ ಕೆಲಸ ಕೊಡಿ ಎನ್ನುವುದು ಬೇರೆ. ರೆಫರಲ್ ಮಾಡುವುದು ಇಷ್ಟೇ: ಸಾವಿರ ರೆಸ್ಯೂಮೆಗಳ ರಾಶಿಯಿಂದ ನಿಮ್ಮದನ್ನು ಎತ್ತಿ ಮನುಷ್ಯರೊಬ್ಬರು ಓದುವಂತೆ ಮಾಡುತ್ತದೆ. ಆಮೇಲೆ ಪರೀಕ್ಷೆ, ಕೋಡಿಂಗ್ ಸುತ್ತು, ಸಂದರ್ಶನ ಎಲ್ಲ ನೀವೇ ದಾಟಬೇಕು. ಕೆಲಸ ಬರದವರನ್ನು ಯಾವ ಅಣ್ಣನೂ ದಾಟಿಸಲಾರ.

ಕೇಳುವುದು ಹೇಗೆ

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಾಲೇಜಿನ ಸೀನಿಯರ್‌ಗಳು, ಬಿಸಿಎಂ ಹಾಸ್ಟೆಲಿನಲ್ಲಿ ಜೊತೆಗಿದ್ದವರು, ಮೊರಾರ್ಜಿ ಶಾಲೆ ಅಥವಾ ನವೋದಯದ ಹಳೆ ವಿದ್ಯಾರ್ಥಿಗಳು, ಪಾಠ ಹೇಳಿದ ಲೆಕ್ಚರರ್, ಇಂಟರ್ನ್‌ಶಿಪ್ ಮಾಡಿದ ಕಡೆಯವರು, ಪಿಜಿಯಲ್ಲಿ ಮೊದಲು ಇದ್ದು ಕೆಲಸ ಸಿಕ್ಕ ಮೇಲೆ ಹೋದವರು, ಟೆಕ್ ಪಾರ್ಕಿಗೆ ಕ್ಯಾಬ್ ಓಡಿಸುವ ನಿಮ್ಮೂರಿನವರು ಎಲ್ಲರ ಹೆಸರು ಬರೆಯಿರಿ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದು ಹಳೆ ವಿದ್ಯಾರ್ಥಿಗಳ ವಿಭಾಗ ನೋಡಿದರೆ ಯಾರು ಯಾವ ಕಂಪನಿಯಲ್ಲಿದ್ದಾರೆ ಎಂದು ಕಾಣುತ್ತದೆ. ‘ಯಾರೂ ಇಲ್ಲ’ ಎಂದವರ ಪಟ್ಟಿಯಲ್ಲೂ ಮೂವತ್ತು ನಲವತ್ತು ಹೆಸರು ಸೇರುವುದು ಕಷ್ಟವಲ್ಲ.

ಎರಡನೆಯದು, ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕುವ ಮೊದಲೇ ಕೇಳಿ. ನೀವು ಆಗಲೇ ನೇರವಾಗಿ ಅರ್ಜಿ ಹಾಕಿದ್ದರೆ ಕೆಲವು ತಿಂಗಳ ಕಾಲ ನಿಮ್ಮ ಹೆಸರನ್ನು ರೆಫರಲ್ ಎಂದು ಪರಿಗಣಿಸದ ಕಂಪನಿಗಳು ಬಹಳ ಇವೆ. ಆತುರದ ಒಂದು ಒತ್ತು ದಾರಿ ಮುಚ್ಚಬಹುದು.

ಮೂರನೆಯದು, ಸರಿಯಾಗಿ ಕೇಳಿ. ‘ಸರ್ ಯಾವುದಾದ್ರೂ ಜಾಬ್ ಇದ್ರೆ ಹೇಳಿ ಪ್ಲೀಸ್’ ಎಂಬ ಮೆಸೇಜಿಗೆ ಉತ್ತರ ಬರುವುದಿಲ್ಲ. ಅದು ಅಹಂಕಾರವಲ್ಲ, ಆ ಮೆಸೇಜ್ ಇಟ್ಟುಕೊಂಡು ಅವರು ಏನೂ ಮಾಡಲಾರರು. ಹೀಗೆ ಬರೆದು ನೋಡಿ:

‘ನಮಸ್ತೆ ಸರ್. ನಾನು ನಿಮ್ಮದೇ ಕಾಲೇಜಿನ ಇಸಿ ವಿಭಾಗದವಳು, ನಿಮಗಿಂತ ಮೂರು ವರ್ಷ ಜೂನಿಯರ್. ನಿಮ್ಮ ಕಂಪನಿಯಲ್ಲಿ ಟೆಸ್ಟ್ ಎಂಜಿನಿಯರ್ ಹುದ್ದೆ ಖಾಲಿ ಇರುವುದು ನೋಡಿದೆ. ಜಾಬ್ ಐಡಿ ಕೆಳಗಿದೆ. ಪೈಥಾನ್, ಸೆಲೆನಿಯಂ ಕಲಿತಿದ್ದೇನೆ. ಮಾಡಿದ ಪ್ರಾಜೆಕ್ಟ್ ಗಿಟ್‌ಹಬ್‌ನಲ್ಲಿದೆ. ಒಂದು ಪುಟದ ರೆಸ್ಯೂಮೆ ಕಳಿಸಿದ್ದೇನೆ. ನಾನು ಈ ಹುದ್ದೆಗೆ ತಕ್ಕವಳು ಅನಿಸಿದರೆ ರೆಫರ್ ಮಾಡಿ. ಅನಿಸದಿದ್ದರೆ ಇನ್ನು ಏನು ಕಲಿಯಬೇಕು ಎಂದು ಒಂದು ಸಾಲು ತಿಳಿಸಿದರೂ ಉಪಕಾರ.’

ಇದರಲ್ಲಿ ಯಾರು, ಯಾವ ಹುದ್ದೆ, ಏನು ಬರುತ್ತದೆ, ಏನು ಬೇಕು ಎಲ್ಲ ಇದೆ. ಇಲ್ಲ ಎನ್ನಲೂ ಜಾಗ ಬಿಟ್ಟಿದೆ. ಕನ್ನಡದವರಿಗೆ ಕನ್ನಡದಲ್ಲೇ ಬರೆಯಿರಿ, ಬೇರೆಯವರಿಗೆ ಸರಳ ಇಂಗ್ಲಿಷಿನಲ್ಲಿ. ಒಂದು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಗಲೂ ಬರದಿದ್ದರೆ ಬಿಟ್ಟು ಮುಂದಿನ ಹೆಸರಿಗೆ ಹೋಗಿ. ಕೆಲಸ ಸಿಕ್ಕರೂ ಸಿಗದಿದ್ದರೂ ಏನಾಯಿತು ಎಂದು ಅವರಿಗೆ ತಿಳಿಸಿ. ಬಹಳ ಜನ ಇದನ್ನು ಮರೆಯುತ್ತಾರೆ. ಮರೆತವರಿಗೆ ಎರಡನೇ ಸಲ ಕೇಳಲು ಬಾಯಿ ಬರುವುದಿಲ್ಲ.

ನಾಲ್ಕನೆಯದು, ರೂಮಿನಿಂದ ಹೊರಗೆ ಬನ್ನಿ. ಇಂದಿರಾನಗರ, ವೈಟ್‌ಫೀಲ್ಡ್ ಕಡೆಯ ಕಂಪನಿ ಕಚೇರಿಗಳಲ್ಲಿ ಶನಿವಾರಗಳಂದು ತಂತ್ರಜ್ಞರ ಉಚಿತ ಸಭೆಗಳು ನಡೆಯುತ್ತವೆ. ಪೈಥಾನ್ ಕಲಿಯುವವರಿಗೆ ಬ್ಯಾಂಗ್‌ಪೈಪರ್ಸ್ ಎಂಬ ಹಳೆಯ ಬಳಗ ಇದೆ. ಮುಕ್ತ ತಂತ್ರಾಂಶದ ಆಸಕ್ತಿ ಇದ್ದವರಿಗೆ ಎಫ್‌ಎಸ್‌ಎಂಕೆ ಇದೆ. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ ಮತ್ತು ಕೆ.ಆರ್.ಪುರದ ನಡುವಿನ ಮೆಟ್ರೊ ಶುರುವಾದ ಮೇಲೆ ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳದೆ ಇಂದಿರಾನಗರ, ಹಲಸೂರಿಗೆ ಹೋಗಬಹುದು. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಕೆಲಸವಿಲ್ಲದವರಿಗೆ ಅದು ಭಾರವೇ. ಹೆಣ್ಣುಮಕ್ಕಳಿಗಾದರೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ ಉಚಿತ.

ಅಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ ಎಂಬ ಭಯ ಸಹಜ. ಮೊದಲ ಸಲ ಸುಮ್ಮನೆ ಕೂತು ಕೇಳಿ. ಎರಡನೇ ಸಲ ಒಂದು ಪ್ರಶ್ನೆ ಕೇಳಿ, ತಪ್ಪು ಇಂಗ್ಲಿಷಿನಲ್ಲೇ ಆಗಲಿ. ಟೀ ಕುಡಿಯುವ ಹೊತ್ತಿಗೆ ‘ಯಾವೂರು ನಿಮ್ದು?’ ಎನ್ನುವ ಒಬ್ಬರು ಹಾಸನದವರೋ ವಿಜಯಪುರದವರೋ ಸಿಕ್ಕೇ ಸಿಗುತ್ತಾರೆ.

ಅನುಭವ ಇಲ್ಲದವರಿಗೆ ಅಪ್ರೆಂಟಿಸ್‌ಶಿಪ್ ಇನ್ನೊಂದು ದಾರಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಎಚ್‌ಎಎಲ್, ಬಿಇಎಲ್‌ನಂಥ ಸಂಸ್ಥೆಗಳು ಪದವಿ, ಡಿಪ್ಲೊಮಾ ಮತ್ತು ಐಟಿಐ ಆದವರನ್ನು ಸ್ಟೈಪೆಂಡ್ ಕೊಟ್ಟು ತೆಗೆದುಕೊಳ್ಳುತ್ತವೆ. ಕಾಯಂ ಕೆಲಸದ ಭರವಸೆ ಇಲ್ಲ. ಆದರೆ ಅಲ್ಲಿಂದ ಹೊರಬರುವಾಗ ಕೈಯಲ್ಲಿ ಪ್ರಮಾಣಪತ್ರದ ಜೊತೆಗೆ ನಿಮ್ಮ ಕೆಲಸ ಕಣ್ಣಾರೆ ನೋಡಿದ ಹತ್ತು ಜನರ ಪರಿಚಯ ಇರುತ್ತದೆ.

ಹಣ ಕೇಳಿದರೆ ಅದು ರೆಫರಲ್ ಅಲ್ಲ

ನಾಚಿಕೆಯಿಂದ ಅಣ್ಣನನ್ನು ಕೇಳದ ಹುಡುಗ, ಹಣ ಕೊಟ್ಟು ‘ಕನ್ಸಲ್ಟೆನ್ಸಿ’ಯವರನ್ನು ಕೇಳುತ್ತಾನೆ. ಇಲ್ಲಿಂದ ಅನಾಹುತ ಶುರು. ‘ಬ್ಯಾಕ್‌ಡೋರ್ ಎಂಟ್ರಿ, ಎರಡು ಲಕ್ಷ ಕೊಡಿ, ಆಫರ್ ಲೆಟರ್ ಗ್ಯಾರಂಟಿ’ ಎಂದು ಹೇಳುವವರು ಮಾರುತ್ತಿರುವುದು ಕಾಗದವನ್ನು ಮಾತ್ರ. ನಿಜವಾದ ಯಾವ ಕಂಪನಿಯೂ ಕೆಲಸ ಕೊಡಲು ಅಭ್ಯರ್ಥಿಯಿಂದ ಹಣ ತೆಗೆದುಕೊಳ್ಳುವುದಿಲ್ಲ. ಅಪ್ಪ ಎಮ್ಮೆ ಮಾರುವ ಮೊದಲು, ಅಮ್ಮ ಸರ ಅಡ ಇಡುವ ಮೊದಲು ಈ ಒಂದು ಮಾತು ಅವರಿಗೆ ಓದಿ ಹೇಳಿ.

ಸುಳ್ಳು ಅನುಭವದ ಪತ್ರ ಮಾಡಿಸಿಕೊಡುವವರಿಂದಲೂ ದೂರ ಇರಿ. ಕಂಪನಿಗಳು ಈಗ ಪಿಎಫ್‌ನ ಯುಎಎನ್ ದಾಖಲೆ ನೋಡಿ, ನೀವು ಹೇಳಿದ ಕಡೆ ನಿಜವಾಗಿ ಕೆಲಸ ಮಾಡಿದ್ದೀರಾ ಎಂದು ಪರಿಶೀಲಿಸುತ್ತವೆ. ಸಿಕ್ಕಿಬಿದ್ದರೆ ಸೇರಿದ ಕೆಲಸವೂ ಹೋಗುತ್ತದೆ. ಬಾಂಡ್ ಹೆಸರಿನಲ್ಲಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡಿ.

ವಿದೇಶದ ಕೆಲಸವಾದರೆ ಇನ್ನೂ ಎಚ್ಚರ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ಐಟಿ ಸಪೋರ್ಟ್ ಕೆಲಸ ಎಂದು ಕರೆದೊಯ್ದು ಮ್ಯಾನ್ಮಾರ್, ಕಾಂಬೋಡಿಯಾಗಳ ಸೈಬರ್ ವಂಚನೆ ಅಡ್ಡೆಗಳಲ್ಲಿ ಭಾರತದ ಯುವಕರನ್ನು ಕೂಡಿಹಾಕಿದ ಪ್ರಕರಣಗಳು ಬಂದಿವೆ. ಏಜೆಂಟರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದ ನೋಂದಾಯಿತರ ಪಟ್ಟಿಯಲ್ಲಿ ಇದೆಯೇ ನೋಡಿ. ಹಣ ಕಳೆದುಕೊಂಡದ್ದು ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಿ. ಮನೆಯಲ್ಲಿ ಬೈತಾರೆ ಎಂದು ಮುಚ್ಚಿಟ್ಟಷ್ಟೂ ಹಣ ವಾಪಸ್ ಬರುವ ದಾರಿ ಮುಚ್ಚುತ್ತದೆ.

ಇದು ನ್ಯಾಯವೇ?

ಈಗ ಕಷ್ಟದ ಪ್ರಶ್ನೆ. ಪರಿಚಯ ಇದ್ದವರಿಗೆ ಕೆಲಸ ಎಂದರೆ, ಮೊದಲೇ ಒಳಗಿದ್ದವರ ಜಾತಿ, ಊರು, ಭಾಷೆಯವರಿಗೇ ಮತ್ತೆ ಮತ್ತೆ ಕೆಲಸ ಎಂದಲ್ಲವೇ?

ಹೌದು, ಆ ಅಪಾಯ ಇದೆ. ಇದನ್ನು ಮುಚ್ಚಿಟ್ಟು ಬರೀ ಸಲಹೆ ಕೊಡುವುದು ಮೋಸವಾಗುತ್ತದೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ರೀತಿಯ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದ್ದರು. ಮೇಲ್ಜಾತಿ ಹೆಸರಿನ ಅರ್ಜಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿನದಕ್ಕೆ ಮೂರನೇ ಒಂದರಷ್ಟು ಮಾತ್ರ ಇತ್ತು. ಬೆಂಗಳೂರಿನ ನಿಯಾಸ್ ಸಂಸ್ಥೆಯ ಕರೋಲ್ ಉಪಾಧ್ಯ ಅವರು ಐಟಿ ಉದ್ಯಮವನ್ನು ಅಧ್ಯಯನ ಮಾಡಿ, ಅಲ್ಲಿರುವವರು ಹೆಚ್ಚಾಗಿ ನಗರದ, ಮಧ್ಯಮ ವರ್ಗದ, ಮೇಲ್ಜಾತಿಗಳವರು ಎಂದು ಅದೇ ಕಾಲಕ್ಕೆ ತೋರಿಸಿದ್ದರು. ‘ಮೆರಿಟ್’ ಎನ್ನುವುದರ ಹಿಂದೆ ಮನೆಯ ಇಂಗ್ಲಿಷ್, ಶಾಲೆ, ಪರಿಚಯ ಎಲ್ಲ ಇರುತ್ತವೆ.

ಕರ್ನಾಟಕದಲ್ಲಿ ಈ ಚರ್ಚೆಗೆ ನಲವತ್ತು ವರ್ಷ ದಾಟಿದೆ. 1983ರಲ್ಲಿ ರಚನೆಯಾದ ಸರೋಜಿನಿ ಮಹಿಷಿ ಸಮಿತಿ ಸ್ಥಳೀಯರಿಗೆ ಉದ್ಯೋಗದ ಬಗ್ಗೆ 58 ಶಿಫಾರಸು ಮಾಡಿತು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮದವರು ವಿರೋಧಿಸಿದರು, ಎರಡೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಆ ಮಸೂದೆ ಸರಿಯೋ ತಪ್ಪೋ ಎಂಬುದರಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಆದರೆ ಕಾನೂನು ಬರುವವರೆಗೆ ನಮ್ಮ ಮಕ್ಕಳು ಪಿಜಿಯಲ್ಲಿ ಕಾಯಲಾಗದು.

ಹಾಗಾಗಿ ನನ್ನ ನಿಲುವು ಎರಡು ಭಾಗದ್ದು. ಇರುವ ದಾರಿಯನ್ನು ನಮ್ಮವರು ನಾಚಿಕೆಯಿಲ್ಲದೆ ಬಳಸಬೇಕು. ಜೊತೆಗೆ ಆ ದಾರಿಯನ್ನು ಅಗಲ ಮಾಡಬೇಕು. ಪ್ರತಿ ತಾಲ್ಲೂಕಿನ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜು ತನ್ನ ಹಳೆ ವಿದ್ಯಾರ್ಥಿಗಳು ಎಲ್ಲೆಲ್ಲಿ ಕೆಲಸದಲ್ಲಿದ್ದಾರೆ ಎಂಬ ಪಟ್ಟಿಯನ್ನು, ಅವರ ಒಪ್ಪಿಗೆ ಪಡೆದು, ಕೊನೆ ವರ್ಷದವರಿಗೆ ಕೊಡಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ಸರ್ಕಾರ, ಬೆಂಗಳೂರಿನ ಕಂಪನಿಗಳನ್ನು ಜಿಲ್ಲಾ ಕಾಲೇಜುಗಳ ಬಾಗಿಲಿಗೂ ಕರೆತರಬೇಕು. ಭತ್ಯೆ ಹೊಟ್ಟೆಗಾದರೂ ಆಗುತ್ತದೆ, ಪರಿಚಯ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಮಾತು ಆಗಲೇ ಒಳಗೆ ಹೋಗಿ ಕೂತಿರುವ ನಮ್ಮವರಿಗೆ. ನೀವು ವೈಟ್‌ಫೀಲ್ಡಿನ ಯಾವುದೋ ಮಹಡಿಯಲ್ಲಿ ಇದನ್ನು ಓದುತ್ತಿರಬಹುದು. ನಿಮ್ಮ ಲಿಂಕ್ಡ್‌ಇನ್‌ನಲ್ಲಿ ತೆರೆಯದೆ ಬಿಟ್ಟ ಮೆಸೇಜುಗಳಿವೆ. ಅವುಗಳಲ್ಲಿ ಒಂದು ನಿಮ್ಮ ಹಾಸ್ಟೆಲಿನಿಂದ ಬಂದಿರುತ್ತದೆ. ರೆಫರ್ ಮಾಡಲು ನಿಮಗೆ ಹತ್ತು ನಿಮಿಷ ಸಾಕು. ರೆಸ್ಯೂಮೆ ಚೆನ್ನಾಗಿಲ್ಲದಿದ್ದರೆ ಎಲ್ಲಿ ಚೆನ್ನಾಗಿಲ್ಲ ಎಂದು ಹೇಳಲು ಐದು ನಿಮಿಷ. ನಿಮ್ಮ ಜಾತಿಯವರೇ, ನಿಮ್ಮ ಊರಿನವರೇ ಆಗಬೇಕು ಎಂದು ನೋಡಬೇಡಿ. ನಿಮಗೆ ಯಾರೂ ಇಲ್ಲದಿದ್ದ ದಿನ ನೆನಪಿಸಿಕೊಂಡು, ಯಾರೂ ಇಲ್ಲದವರನ್ನು ಮೊದಲು ನೋಡಿ.

ಮುಯ್ಯಿಯ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆಯೂ ಒಂದು ಸಾಲು ಬಾಕಿ ಇದೆ. ಈ ತಿಂಗಳೇ ತೀರಿಸಿ.